ಲೊಕ್ಕಿಗುಂಡಿಯ ದರ್ಶನ

ಗದುಗಿನ ಶ್ರೀ ವೀರನಾರಾಯಣನ ದರ್ಶನಕ್ಕೆಂದು ಹೋಗುವ ನಮ್ಮವರಲ್ಲಿ ಅನೇಕರು, ಕುಮಾರವ್ಯಾಸನು ಕುಳಿತು ಭಾರತವನ್ನು ರಚಿಸಿದನೆಂಬ ಪ್ರತೀತಿಯುಳ್ಳ ಕಂಬಕ್ಕೆ ಕೈಮುಗಿದು ಹಿಂದಿರುಗುವುದುಂಟು. ಅಲ್ಲಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿ ಗ್ರಾಮವನ್ನೂ ನೋಡಿ ಬರಬೇಕೆಂಬುದು ನಮ್ಮ ವಿಜ್ಞಾಪನೆ. ಶಾಸನಗಳಲ್ಲಿ ಲೊಕ್ಕಿಗುಂಡಿ ಎನಿಸಿರುವ ಈ ಊರು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯಿದ್ದ ಪಟ್ಟಣ. 12ನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನಿಗೂ ಇದು ನೆಲೆವೀಡಾಗಿದ್ದಿತು.

“ಅಲ್ಲಿರುವುವು ಬಸದಿಗಳು, ಶಿವಾಲಯಗಳು, ಅದರಿಂದ ನಮಗೇನು?” ಎಂದು ಕೇಳುವವರಿರಬಹುದು. ಅದಕ್ಕೆ ಬ್ರಹ್ಮ ಜಿನಾಲಯವೇ ಉತ್ತರ ಕೊಡುತ್ತದೆ. ಅಲ್ಲಿ ಚತುರ್ಮುಖ ಬ್ರಹ್ಮನ ಸುಂದರ ಮೂರ್ತಿಯೂ ಇದೆ. ಇದನ್ನು ಕಟ್ಟಿಸಿದವಳು ಅತ್ತಿಮಬ್ಬೆ. ಅದನ್ನು ಹೇಳುವ ಶಾಸನ 1007ರದು. ಪತಿ ನಾಗದೇವನು ಯುದ್ಧದಲ್ಲಿ ಮಡಿದಾಗ, ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗನನ್ನು ಸಲಹಲು ಉಳಿದಳು. ಉಳಿದ ಆಯುಷ್ಯವನ್ನೆಲ್ಲ ದಾನಕ್ಕೆ ಮೀಸಲಿಟ್ಟು ‘ದಾನಚಿಂತಾಮಣಿ’ ಎನಿಸಿದಳು. 993ರಲ್ಲಿ ರನ್ನನು ಅಜಿತಪುರಾಣವನ್ನು ಪೂರೈಸಿದ್ದು ಆಕೆಯ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಯಿಸಿ ಹಂಚಿದವಳೂ ಆಕೆಯೇ. ಅಚ್ಚುಕೂಟವಿಲ್ಲದ ಆ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಬೇಕಾಗಿದ್ದಿತೆಂಬುದನ್ನು ನೆನೆದರೆ ಈ ದಾನದ ಹಿರಿಮೆ ತಿಳಿಯುತ್ತದೆ.

ಕಾಶೀವಿಶ್ವೇಶ್ವರ ದೇಗುಲದಲ್ಲಿ ಶಿವ, ಸೂರ್ಯರ ಗರ್ಭಗೃಹಗಳು ಎದುರುಬದುರಾಗಿವೆ. ಅಲ್ಲಿನ ಬಾಗಿಲವಾಡಗಳ ಕೆತ್ತನೆಯಲ್ಲಿ ಬಳಪದ ಕಲ್ಲಿನ ಮೃದುತ್ವವನ್ನು ಕಾಣಬಹುದು. ಮಾಣಿಕೇಶ್ವರ ದೇಗುಲಕ್ಕೆ ಹೊಂದಿದ ಮುಸುಕಿನ ಬಾವಿಯ ಮೆಟ್ಟಿಲುಗಳ ಪಕ್ಕಗಳಲ್ಲಿ ಪುಟ್ಟ ಪುಟ್ಟ ದೇವಗೂಡುಗಳಿವೆ. ಊರಿನಲ್ಲಿ 101 ಗುಡಿ, 101 ಬಾವಿಗಳಿದ್ದುವೆಂಬ ಐತಿಹ್ಯವುಂಟು. ದೇವರ ಸೇವೆಯನ್ನೂ ಜನರಿಗೆ ನೀರೊದಗಿಸುವುದನ್ನೂ ಹಿರಿಯರು ಬೇರೆಯಾಗಿ ಎಣಿಸಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಅಲ್ಲಿಗೆ ಹೋದವರು ಶಿಲ್ಪಗಳಿಗೆ ಎಣ್ಣೆ, ಕುಂಕುಮ ಹಚ್ಚದೆ, ಬಾವಿಗೆ ಕಸ ಎಸೆಯದೆ ಬರುವುದೇ ಆ ಹಿರಿಯರಿಗೆ ಸಲ್ಲಿಸುವ ಗೌರವ.

ಇನ್ನೊಂದು ಮಾತು. ಟೀಕೆ, ಟಿಪ್ಪಣಿಗಳ ಓಲೆಗಟ್ಟುಗಳು ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ ವಸ್ತ್ರದಲ್ಲಿ ಸುತ್ತಿದಂತೆಯೇ ಇವೆ. ಸರಸ್ವತೀಪೂಜೆಯ ದಿನ ಕೆಳಗಿಳಿಸಿ, ಅಕ್ಷತೆಯಿಟ್ಟು, ಮತ್ತೆ ಮೇಲೇರಿಸಿದ ಮಾತ್ರಕ್ಕೆ ಅವು ಉಳಿಯವು. ಹುಳುವಿಗೆ ಪೂಜೆಯ ಭಯವಿಲ್ಲ. ಬಲ್ಲವರಿಂದ ಅವುಗಳ ಹೆಸರನ್ನು ಓದಿಸಿ ಪಟ್ಟಿ ಮಾಡಿ, ಛಾಯಾಪ್ರತಿ ತೆಗೆಯಿಸಿ, ಮನೆಯಲ್ಲಿ ಕಾಪಾಡಲಾರದವರು ಹಸ್ತಪ್ರತಿ ಭಂಡಾರಗಳಿಗೆ ಒಪ್ಪಿಸತಕ್ಕದ್ದು. ಅತ್ತಿಮಬ್ಬೆ 1000 ಪ್ರತಿ ಮಾಡಿಸಿದಳು. ನಾವು ಒಂದನ್ನಾದರೂ ಮಾಡಿಸೋಣ.