ಅಂಬೆಗಾಲಿಡುವ ಮಗುವಿರುವ ಮನೆ

ಮಗು ಅಂಬೆಗಾಲಿಡಲು ಶುರುಮಾಡಿದ ದಿನ ನೀವೂ ಒಮ್ಮೆ ನೆಲಕ್ಕಿಳಿಯಿರಿ. ಮಂಡಿಯೂರಿ ಅಡುಗೆಮನೆಯಿಂದ ಬಚ್ಚಲವರೆಗೆ ಹೋಗಿಬನ್ನಿ. ಹೊಸದಾಗಿ ತಾಯ್ತಂದೆಯಾದವರಿಗೆ ನಾನು ಹೇಳುವ ಮೊದಲ ಪಾಠ ಇದು. ನಿಂತಾಗ ಕಾಣದ್ದೆಲ್ಲ ಆಗ ಕಣ್ಣಿಗೆ ಬೀಳುತ್ತದೆ: ಸಿಂಕಿನ ಕೆಳಗಿನ ಫಿನಾಯಿಲ್ ಬಾಟಲಿ, ಕಟ್ಟೆಯಿಂದ ಜೋತುಬಿದ್ದ ಮಿಕ್ಸಿ ವೈರು, ಮಂಚದಡಿಗೆ ಉರುಳಿದ ಶೇಂಗಾ ಬೀಜ, ಬಚ್ಚಲಲ್ಲಿ ತುಂಬಿಟ್ಟ ಬಕೆಟ್.

ಆ ಬಕೆಟ್ ಬಗ್ಗೆ ಕೊಂಚ ನಿಧಾನವಾಗಿ ಹೇಳಬೇಕು. ನಮ್ಮ ಎಷ್ಟೋ ಊರುಗಳಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ, ತುಂಬಿಡದೆ ವಿಧಿಯಿಲ್ಲ. ಆದರೆ ಎಳೆಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ಭಾರ. ಬಕೆಟ್ಟಿನ ಅಂಚು ಹಿಡಿದು ನೀರಿಗೆ ಕೈಯಾಡಿಸಲು ಬಗ್ಗಿದರೆ ತಲೆಕೆಳಗಾಗಿ ಬೀಳುತ್ತದೆ. ಮತ್ತೆ ಮೇಲೇಳುವ ಬಲ ಅದರ ತೋಳಿಗಿಲ್ಲ. ಒಂದು ಗೇಣು ನೀರೂ ಬೇಕಿಲ್ಲ, ಕೆಲವೇ ನಿಮಿಷ ಸಾಕು. ಮುಳುಗುವ ಮಗು ಕೂಗಿಕೊಳ್ಳುತ್ತದೆ, ನಮಗೆ ಕೇಳಿಸುತ್ತದೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಬಾಯಿ ನೀರೊಳಗಿರುವಾಗ ಕೂಗು ಹೊರಡುವುದಿಲ್ಲ. ಮನೆಯಲ್ಲಿ ಮಗುವಿನ ಸದ್ದು ನಿಂತರೆ ಮೊದಲು ನೀರಿರುವ ಕಡೆಗೆ ಓಡಿ. ಬಳಸಿದ ಬಕೆಟ್ ಬೋರಲು ಹಾಕಿ, ತುಂಬಿದ ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಹಾಕಿ, ಬಚ್ಚಲ ಬಾಗಿಲಿಗೆ ಎತ್ತರದಲ್ಲೊಂದು ಚಿಲಕ ಹಾಕಿಸಿ. ಸಂಪಿನ ಮುಚ್ಚಳ ತೆಗೆದವರು ಅದನ್ನು ಮುಚ್ಚುವವರೆಗೆ ಅಲ್ಲಿಂದ ಕದಲಬಾರದು, ಫೋನ್ ಬಂದರೂ ಸರಿ.

ಹೊಲದ ಕೃಷಿ ಹೊಂಡ ಇನ್ನೂ ಅಪಾಯದ್ದು. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಜಾರುತ್ತದೆ, ಬಿದ್ದ ಮಗುವನ್ನು ಎತ್ತಲು ಇಳಿದ ದೊಡ್ಡವರಿಗೂ ಹತ್ತಿಬರುವುದು ಕಷ್ಟ. ಸುತ್ತ ಬೇಲಿ ಇರಲಿ, ದಡದ ಗೂಟಕ್ಕೆ ಕಟ್ಟಿದ ಗಂಟುಹಗ್ಗವೊಂದು ನೀರಿನವರೆಗೆ ಇಳಿಬಿದ್ದಿರಲಿ. ಹೊಲದ ಇನ್ನೊಂದು ಅಪಾಯ ಕೊಳವೆಬಾವಿ. ನೀರು ಬಾರದ ಕೊಳವೆಬಾವಿಯನ್ನು ತಳದಿಂದ ಮೇಲಿನವರೆಗೆ ಮಣ್ಣು, ಕಲ್ಲು ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೂ 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕಂದ ಕೊಳವೆಬಾವಿಗೆ ಬಿತ್ತು. ಸುಮಾರು 20 ಗಂಟೆಗಳ ಬಳಿಕ ಜೀವಂತವಾಗಿ ಮೇಲೆ ಬಂತು. ಹೀಗೆ ಬದುಕಿ ಬರುವ ಮಕ್ಕಳು ಕಡಿಮೆ. ನಿಮ್ಮ ಊರಲ್ಲಿ ಬಾಯ್ದೆರೆದ ಕೊಳವೆಬಾವಿ ಕಂಡರೆ, ಅದು ಯಾರ ಹೊಲದ್ದೇ ಆಗಲಿ, ಇವತ್ತೇ ಪಂಚಾಯಿತಿಗೆ ತಿಳಿಸಿ.

ಅಡುಗೆಮನೆಯ ಮಾತು ಚಿಕ್ಕದು. ಬಿಸಿ ಸಾರು ಮೈಮೇಲೆ ಬಿದ್ದರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಇಂಕು ಬೇಡವೇ ಬೇಡ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ. ಐದು ವರ್ಷ ತುಂಬುವವರೆಗೆ ಶೇಂಗಾವನ್ನು ಪುಡಿ ಮಾಡಿಯೇ ಕೊಡಿ.

ಹೊಸ್ತಿಲು ದಾಟಿ ಬರುವವರ ಬಗ್ಗೆ ಇನ್ನೊಂದು ಕಾಳಜಿ ಬೇಕು. ಮಕ್ಕಳ ಮೈಮುಟ್ಟಿ ನೋಯಿಸುವವರು ಹೆಚ್ಚಾಗಿ ಮನೆಗೆ ಬಂದುಹೋಗುವ ಪರಿಚಿತರೇ. "ಮಾಮನಿಗೆ ಮುತ್ತು ಕೊಡು ಪುಟ್ಟಾ" ಎಂದು ಒತ್ತಾಯಿಸುವುದನ್ನು ನಾವು ನಿಲ್ಲಿಸಬೇಕು. ಮಗು ಹಿಂದೆ ಸರಿದರೆ ಸರಿಯಲಿ, ಬಂದವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ. "ಅಮ್ಮನಿಗೆ ಹೇಳಬೇಡ" ಎಂದು ಯಾರೇ ಹೇಳಿದರೂ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕೆಂದು ಕಲಿಸಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. 1098 ಮಕ್ಕಳ ಸಹಾಯವಾಣಿ ಹಗಲೂ ರಾತ್ರಿಯೂ ಇರುತ್ತದೆ, ಕರೆಗೆ ದುಡ್ಡಿಲ್ಲ.

ಮಗು ಏನೋ ಹೇಳಲು ಬಂದು ತಡವರಿಸಿದರೆ ಒಲೆ ಆರಿಸಿ, ಅದರ ಪಕ್ಕ ನೆಲದ ಮೇಲೆ ಕೂತು ಕೇಳಿ. ಮಧ್ಯೆ ಗದರಬೇಡಿ.