ಕೇಸು ಇರಲಿ, ಹಗೆ ಬಿಡಲಿ

ಬೀದರಿನ ಮಂಗಲಪೇಟೆಯಲ್ಲಿ, ಭಾಲ್ಕಿ, ಔರಾದ್‌ ಕಡೆ ಕ್ರೈಸ್ತ ಕುಟುಂಬಗಳು ಐತವಾರದ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆ ಹೇಳುತ್ತವೆ. ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಅದರಲ್ಲೇ ಇದೆ. ತೊಗರಿ ಹೊಲದ ಬಾಂದಿಗಾಗಿ ತಮ್ಮನ ಜೊತೆ ಮಾತು ಬಿಟ್ಟ ಅಣ್ಣನಿಗೆ ಅಲ್ಲಿ ನಾಲಿಗೆ ತಡವರಿಸಬೇಕು. ತಡವರಿಸದಿದ್ದರೆ ಅದು ಬರೀ ಬಾಯಿಪಾಠ!

ಕ್ಷಮಿಸಿದರೆ ಸೋತಂತೆ ಎಂಬ ಅಳುಕು ಹಲವರಿಗಿದೆ. ಹಾಗೇನಿಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕ್ರೈಸ್ತ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ವಾಹನದೊಳಗೇ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು; ಶಿಕ್ಷೆಯನ್ನು ಕಾನೂನಿಗೆ ಬಿಟ್ಟು, ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹಾಗಾಗಿ ಬಾಂದಿನ ಅಳತೆ ಸರ್ವೇಯರ್ ಮಾಡಲಿ, ಅರ್ಜಿ ತಹಶೀಲ್ದಾರ್ ಕಚೇರಿಯಲ್ಲೇ ಇರಲಿ. ಅಣ್ಣ ಮಾತ್ರ ತಮ್ಮನ ಮಗಳ ಮದುವೆಗೆ ಹೋಗಿ, ಊಟ ಮಾಡಿಯೇ ಬರಲಿ.