ಕಬ್ಬಿನ ಟ್ರಾಲಿಯ ದೀಪ ಕೈಕೊಟ್ಟರೆ: ಬ್ಯಾಟರಿಯಿಂದ ಹಿಂದಿನ ಡಬ್ಬಿಯವರೆಗೆ ಹುಡುಕುವ ಕ್ರಮ

ದೀಪಾವಳಿ ಕಳೆಯುತ್ತಿದ್ದಂತೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್‌ಗಳೇ. ದುಧನಿ, ಮೈಂದರಗಿ, ತಡವಳ ಕಡೆಯ ಹೊಲಗಳಲ್ಲಿ ಹಗಲೆಲ್ಲ ಕಡಿದ ಕಬ್ಬು ಸಂಜೆಗೆ ಎರಡು ಡಬ್ಬಿ ತುಂಬಿ ಕಾರ್ಖಾನೆಯ ದಾರಿ ಹಿಡಿಯುವುದು ಕತ್ತಲಾದ ಮೇಲೆ. ಆ ಹೊತ್ತಿನಲ್ಲಿ ಹಿಂದಿನ ಡಬ್ಬಿಯ ಕೆಂಪು ದೀಪ ಆರಿದ್ದರೆ ಹಿಂದೆ ಬರುವ ಬೈಕ್ ಸವಾರನಿಗೆ ಗಾಡಿ ಇರುವುದೇ ತಿಳಿಯುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತದೆ. ಕಂಡ ಮೇಲೆ ಬ್ರೇಕ್ ಒತ್ತಲು ಅವನಿಗೆ ಸಮಯವೇ ಉಳಿಯುವುದಿಲ್ಲ.

ದೀಪ ಆರಿದರೆ ಬಹಳ ಮಂದಿ ಮೊದಲು ಬಲ್ಬ್ ಬದಲಿಸುತ್ತಾರೆ. ಆದರೆ ಟ್ರಾಲಿಯಲ್ಲಿ ಹೆಚ್ಚಾಗಿ ಕೆಡುವುದು ಅರ್ಥಿಂಗ್ ಮತ್ತು ಜೋಡಣೆಗಳು. ಆದ್ದರಿಂದ ಬ್ಯಾಟರಿಯಿಂದ ಶುರುಮಾಡಿ, ಒಂದೊಂದೇ ಹಂತ ದಾಟುತ್ತ ಹಿಂದಕ್ಕೆ ಹೋಗಿ.

ಬೇಕಾದ ಸಾಮಾನು

• ಹೋಲ್ಡರ್‌ಗೆ ಎರಡು ತಂತಿ ಕಟ್ಟಿದ 12 ವೋಲ್ಟ್, 21 ವ್ಯಾಟ್ ಬಲ್ಬ್. ಇದೇ ಟೆಸ್ಟ್ ಲ್ಯಾಂಪ್.
• ಸಾದಾ ಮಲ್ಟಿಮೀಟರ್.
• ಎರಡೂ ತುದಿಗೆ ಕ್ಲಿಪ್ ಇರುವ, ಹಿಂದಿನ ಡಬ್ಬಿಯವರೆಗೆ ಮುಟ್ಟುವಷ್ಟು ಉದ್ದದ ತಂತಿ.
• ಉಪ್ಪುಕಾಗದ, ಇನ್ಸುಲೇಷನ್ ಟೇಪ್, ಬದಲಿ ಫ್ಯೂಸ್‌ಗಳು.

ಮಲ್ಟಿಮೀಟರ್ ಇದ್ದರೂ ಟೆಸ್ಟ್ ಲ್ಯಾಂಪ್ ಬೇಕು. ತಂತಿಯ ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸಬಹುದು. ಕರೆಂಟಿನ ಭಾರ ಬಿದ್ದಾಗ ಮಾತ್ರ ಅದರ ದೌರ್ಬಲ್ಯ ಗೊತ್ತಾಗುತ್ತದೆ. 21 ವ್ಯಾಟ್ ಬಲ್ಬ್ ಆ ಭಾರ ಹಾಕುತ್ತದೆ.

ಹಂತ 1: ಬ್ಯಾಟರಿ

ಎಂಜಿನ್ ನಿಂತು ಕೆಲವು ಗಂಟೆ ಕಳೆದ ಮೇಲೆ ಅಳೆದರೆ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿಸಿ. ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. 13ರ ಕೆಳಗಿದ್ದರೆ ಬೆಲ್ಟ್ ಮತ್ತು ಆಲ್ಟರ್ನೇಟರ್ ನೋಡಿಸಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬ್‌ಗಳು ಮೇಲಿಂದ ಮೇಲೆ ಸುಡುವುದಕ್ಕೆ ಅದೇ ಕಾರಣವಾಗಿರಬಹುದು.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ತೊಳೆದು ಒಣಗಿಸಿ, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ನೆಗೆಟಿವ್ ಕೇಬಲ್, ಕೂರಿಸುವಾಗ ಅದೇ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚುವಾಗ ಪಾನಾ ಗಾಡಿಯ ಕಬ್ಬಿಣಕ್ಕೆ ತಾಗಿದರೆ ಕಿಡಿ ಹಾರುತ್ತದೆ.

ಹಂತ 2: ಫ್ಯೂಸ್

ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರ್‌ನದನ್ನೇ ಹಾಕಿ. ಅದರ ಜಾಗದಲ್ಲಿ ತಾಮ್ರದ ಎಳೆ ಸುತ್ತಿದರೆ ಮುಂದಿನ ಶಾರ್ಟ್‌ನಲ್ಲಿ ತಂತಿಯೇ ಕೆಂಪಗೆ ಕಾಯುತ್ತದೆ. ಒಣ ರವದಿ ತುಂಬಿದ ಡಬ್ಬಿಯ ಅಡಿಯಲ್ಲಿ ಹೀಗಾದರೆ ಬೆಂಕಿ ಹತ್ತುತ್ತದೆ. ಹೊಸ ಫ್ಯೂಸ್ ತಕ್ಷಣ ಸುಟ್ಟರೆ ಟ್ರಾಲಿಯ ಪ್ಲಗ್ ಕಿತ್ತು ಇನ್ನೊಂದು ಫ್ಯೂಸ್ ಹಾಕಿ. ಅದು ಉಳಿದರೆ ದೋಷ ಟ್ರಾಲಿಯ ಕಡೆ, ಸುಟ್ಟರೆ ಟ್ರ್ಯಾಕ್ಟರ್ ಕಡೆ.

ಹಂತ 3: ಅರ್ಥಿಂಗ್

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದ ಜಾಗ ಇದು. ಉದ್ದ ತಂತಿಯ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಆರಿದ ದೀಪದ ಹೋಲ್ಡರ್ ಮೈಗೆ ಕಚ್ಚಿಸಿ ಸ್ವಿಚ್ ಹಾಕಿ. ದೀಪ ಪೂರ್ತಿ ಉರಿದರೆ ಬಲ್ಬ್ ಚೆನ್ನಾಗಿದೆ, ಅರ್ಥಿಂಗ್ ಕೆಟ್ಟಿದೆ.

ಅನೇಕ ಟ್ರಾಲಿಗಳಲ್ಲಿ ಕರೆಂಟ್ ಮರಳಿ ಬರುವುದು ಕೊಂಡಿ ಮತ್ತು ಪಿನ್ನಿನ ಮೂಲಕ. ಅವುಗಳ ನಡುವೆ ಗ್ರೀಸ್, ತುಕ್ಕು, ಮಣ್ಣು ಇರುತ್ತವೆ. ಗಾಡಿ ಜಗ್ಗಿದಾಗ ದೀಪ ಹತ್ತುತ್ತದೆ, ಸಡಿಲಾದಾಗ ಆರುತ್ತದೆ. ಇದಕ್ಕೆ ಶಾಶ್ವತ ಪರಿಹಾರವೆಂದರೆ ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಪ್ರತಿ ದೀಪದವರೆಗೆ ಕನಿಷ್ಠ 2.5 ಚದರ ಮಿ.ಮೀ.ನ ಪ್ರತ್ಯೇಕ ತಂತಿ ಎಳೆಯುವುದು. ಚಾಸಿಗೆ ಬೋಲ್ಟ್ ಹಾಕುವಲ್ಲಿ ಬಣ್ಣ ಕೆರೆದು, ಕಬ್ಬಿಣ ಹೊಳೆಯುವಂತೆ ಮಾಡಿ ಬಿಗಿಯಿರಿ.

ಹಂತ 4: ಪ್ಲಗ್ ಮತ್ತು ತಂತಿ

ಏಳು ಪಿನ್ನಿನ ಪ್ಲಗ್‌ನಲ್ಲಿ ಧೂಳು, ಹಸಿರು ಕಿಲುಬು ನೋಡಿ. ಟ್ರ್ಯಾಕ್ಟರ್ ಕಡೆಯ ಸಾಕೆಟ್‌ನಲ್ಲಿ ಟೆಸ್ಟ್ ಲ್ಯಾಂಪ್ ಹಚ್ಚಿ: ಅಲ್ಲಿ ಉರಿದು ಮೊದಲ ಡಬ್ಬಿಯಲ್ಲಿ ಉರಿಯದಿದ್ದರೆ ಪ್ಲಗ್ ಅಥವಾ ಮೊದಲ ಡಬ್ಬಿಯ ತಂತಿ ಕೆಟ್ಟಿದೆ. ಮೊದಲ ಡಬ್ಬಿಯಲ್ಲಿ ಉರಿದು ಎರಡನೆಯದರಲ್ಲಿ ಉರಿಯದಿದ್ದರೆ ಎರಡು ಡಬ್ಬಿಗಳ ನಡುವಿನ ಜೋಡಣೆ ನೋಡಿ. ತಂತಿಯ ಬಣ್ಣ ನಂಬಿ ಜೋಡಿಸಬೇಡಿ. ಹಿಂದೆ ದುರಸ್ತಿ ಮಾಡಿದವರು ಕೈಗೆ ಸಿಕ್ಕ ತಂತಿ ಹಾಕಿರಬಹುದು.

ಹೊಸ ತಂತಿಯನ್ನು ಪೈಪಿನೊಳಗೆ ಎಳೆದು ಚಾಸಿಗೆ ಕ್ಲಿಪ್ ಹಾಕಿ. ಚಕ್ರ, ಸ್ಪ್ರಿಂಗ್ ಪಟ್ಟಿಗಳಿಂದ ದೂರವಿರಲಿ. ತಿರುವಿನಲ್ಲಿ ಜಗ್ಗದಷ್ಟು ಸಡಿಲ ಬಿಡಿ, ನೆಲಕ್ಕೆ ಉಜ್ಜುವಷ್ಟು ಬೇಡ.

ಹಂತ 5: ಭಾರದ ಲೆಕ್ಕ

ಎರಡು ಡಬ್ಬಿಗೆ ನಾಲ್ಕು ಬ್ರೇಕ್ ಬಲ್ಬ್. ಒಂದೊಂದು 21 ವ್ಯಾಟ್ ಎಂದರೆ ಒಟ್ಟು 84 ವ್ಯಾಟ್, ಅಂದರೆ 7 ಆಂಪಿಯರ್. ಟ್ರ್ಯಾಕ್ಟರ್‌ನ ಎರಡು ಬಲ್ಬ್ ಸೇರಿದರೆ 10.5. ಹದಿನೈದು ಮೀಟರ್ ಉದ್ದದ 1.5 ಚದರ ಮಿ.ಮೀ. ತಂತಿಯಲ್ಲೇ ಸುಮಾರು 1 ವೋಲ್ಟ್ ಕಳೆದುಹೋಗಿ ದೀಪ ಮಂಕಾಗುತ್ತದೆ. ದಪ್ಪ ತಂತಿ ಎಳೆಯಿರಿ, ಇಲ್ಲವೇ ಎಲ್‌ಇಡಿ ದೀಪ ಹಾಕಿ. ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ವೇಗವಾಗಿ ಮಿನುಗಿದರೆ ಎಲ್‌ಇಡಿಗೆ ಹೊಂದುವ ಫ್ಲ್ಯಾಷರ್ ಬೇಕು.

ಹಂತ 6: ಹಾಡಿನ ಟೇಪ್, ಎಲ್‌ಇಡಿ ಬಾರ್, ಮೊಬೈಲ್ ಚಾರ್ಜರ್

ಇವನ್ನು ಟೇಲ್ ಲೈಟ್ ತಂತಿಗೆ ಸುತ್ತಬೇಡಿ. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಫ್ಯೂಸ್ ಹಾಕಿ, ಚಾವಿಯೊಂದಿಗೆ ಆನ್ ಆಗುವ ರಿಲೇ ಮೂಲಕ ಕರೆಂಟ್ ಕೊಡಿ. ಚಾವಿ ತೆಗೆದ ಮೇಲೂ ಅರ್ಧ ಆಂಪಿಯರ್ ಎಳೆಯುವ ಟೇಪ್ ಮೂರು ದಿನದಲ್ಲಿ 36 ಆಂಪಿಯರ್-ಅವರ್ ಖಾಲಿ ಮಾಡುತ್ತದೆ.

ಲಕ್ಷಣ ನೋಡಿ ಕಾರಣ ಹಿಡಿಯಿರಿ

• ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಹತ್ತಿದರೆ: ಅರ್ಥಿಂಗ್ ದೋಷ.
• ಒಂದೇ ಬದಿ ಕತ್ತಲಾದರೆ: ಆ ಬದಿಯ ಬಲ್ಬ್, ಹೋಲ್ಡರ್ ಅಥವಾ ಜೋಡಣೆ.
• ಎರಡೂ ಡಬ್ಬಿ ಕತ್ತಲಾದರೆ: ಫ್ಯೂಸ್ ಅಥವಾ ಮುಖ್ಯ ಪ್ಲಗ್.
• ಗುಂಡಿಯಲ್ಲಿ ಹಾರಿದಾಗ ಮಿನುಗಿದರೆ: ಸಡಿಲ ಜೋಡಣೆ.

  

ಕೊನೆಗೆ ಮಾಲೀಕರಿಗೂ ಚಾಲಕರಿಗೂ ಒಂದು ವಿನಂತಿ. ಹೊಲ ಬಿಡುವ ಮುನ್ನ ಒಬ್ಬರು ಹಿಂದೆ ನಿಂತು ಟೇಲ್, ಬ್ರೇಕ್, ಎರಡೂ ಇಂಡಿಕೇಟರ್ ನೋಡಲಿ. ಜೋತುಬಿದ್ದ ಕಬ್ಬಿನ ಸೋಗೆ ದೀಪ ಮುಚ್ಚಿದ್ದರೆ ಕತ್ತರಿಸಿ. ತಂತಿ ಯಾವಾಗಲಾದರೂ ಕಡಿಯಬಹುದು, ಆದ್ದರಿಂದ ಹಿಂದೆ ಕೆಂಪು, ಬದಿಗೆ ಹಳದಿ ಹೊಳೆಯುವ ಪಟ್ಟಿ ಅಂಟಿಸಿರಿ. ಕಾರ್ಖಾನೆಯ ಕಾಟಾ ಮುಂದೆ ಸರದಿಗಾಗಿ ಗಂಟೆಗಟ್ಟಲೆ ಕಾಯುವುದಿದ್ದೇ ಇದೆ. ಆ ಹೊತ್ತಿನಲ್ಲಿ ಪ್ಲಗ್ ಬಿಚ್ಚಿ ಒರೆಸಿ, ಅರ್ಥಿಂಗ್ ಬೋಲ್ಟ್ ಬಿಗಿ ಮಾಡಿಕೊಳ್ಳಿ. ಖಾಲಿ ಡಬ್ಬಿ ಮರಳುವುದೂ ಕತ್ತಲಲ್ಲೇ.